ಹುತ್ತದ ಬಾಡಿಗೆ

ದೇಹವು ಬಾಡಿಗೆಯ ಮನೆ, ಜೀವನು ಅದರಲ್ಲಿ ಕೆಲವು ಕಾಲ ವಾಸಕ್ಕೆ ಬಂದ ಒಕ್ಕಲು, ಕಾಲ ಮುಗಿದೊಡನೆ ಯಜಮಾನನು ಬಂದು ಕದ ತಟ್ಟುವನು, ಆಗ ಗಂಟುಮೂಟೆಯನ್ನೂ ಕಟ್ಟಿಕೊಳ್ಳದೆ ಬಂದ ಹಾಗೆಯೇ ಹೊರಡಬೇಕು ಎಂಬ ಮಾತನ್ನು, ರಾಮನವಮಿಯ ಪೆಂಡಾಲಿನಲ್ಲಿ ಹರಿಕಥೆಯ ದಾಸರ ಬಾಯಿಂದಲೋ, ತಿಥಿಯ ಊಟ ಮುಗಿಸಿ ಜಗಲಿಯ ಮೇಲೆ ಎಲೆಯಡಕೆಗೆ ಕುಳಿತ ಹಿರಿಯರ ಸಂಭಾಷಣೆಯಲ್ಲೋ ಕೇಳದೆ ಬೆಳೆದ ಕನ್ನಡಿಗನು ವಿರಳ. ಉಪಮೆ ಸೊಗಸಾದುದು, ಭಗವದ್ಗೀತೆಯು ದೇಹವನ್ನು ಒಂಬತ್ತು ಬಾಗಿಲುಗಳ ಪುರವೆಂದು ಕರೆದ ದಿನದಿಂದ ನಮ್ಮ ವೇದಾಂತಕ್ಕೆ ಗೃಹನಿರ್ಮಾಣದ ಪರಿಭಾಷೆ ಒಗ್ಗಿಹೋಗಿದೆ. ಆದರೆ ಈ ಉಪಮೆಯನ್ನು ಬಾಯ್ತುಂಬ ಹೇಳುವವರಲ್ಲಿ ಬಹುಮಂದಿ ಸ್ವಂತ ಮನೆಯುಳ್ಳವರೆಂಬುದನ್ನೂ, ಬಾಡಿಗೆಯ ಮನೆಯಲ್ಲಿರುವವನು ಅದನ್ನು ಕೇಳಿ ತಲೆದೂಗುವಾಗ ಅವನ ಮನಸ್ಸು ದೇಹದ ಕಡೆಗೆ ಹೋಗದೆ ಬರುವ ತಿಂಗಳ ಐದನೆಯ ತಾರೀಖಿನ ಕಡೆಗೆ ಹೋಗುತ್ತದೆಂಬುದನ್ನೂ ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ.

ಉಪಮೆಯನ್ನು ಕಟ್ಟಿದವರು ಬಾಡಿಗೆಯ ಮನೆಯ ವಿಷಯದಲ್ಲಿ ಒಂದೇ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಂಡರು: ಅದನ್ನು ಒಂದು ದಿನ ಬಿಡಬೇಕಾಗುತ್ತದೆ. ಬಿಡುವುದಕ್ಕೆ ಮೊದಲು ಅದನ್ನು ಹುಡುಕಬೇಕಾಗುತ್ತದೆ, ಮುಂಗಡವನ್ನು ಹೊಂದಿಸಬೇಕಾಗುತ್ತದೆ, ಕೊಡುವವರಿಗೆ ನಾವು ಒಪ್ಪಿಗೆಯಾಗಬೇಕಾಗುತ್ತದೆ ಎಂಬುದೊಂದೂ ಅದರಲ್ಲಿ ಬರಲಿಲ್ಲ. ಜೀವನಿಗೇನೋ ಕರ್ಮವೆಂಬ ದಲ್ಲಾಳಿಯಿದ್ದಾನೆ. ಅವನು ಗೊತ್ತುಮಾಡಿದ ಮನೆಯೊಳಕ್ಕೆ ಜೀವನು ತಕರಾರಿಲ್ಲದೆ ಹೊಕ್ಕುಬಿಡುತ್ತಾನೆ. ನರಮನುಷ್ಯನ ಸ್ಥಿತಿ ಬೇರೆ. ಅವನು ಒಂದು ಸಣ್ಣ ಊರಿಗೆ ವರ್ಗವಾಗಿ ಬಂದು, ಹೆಂಡತಿಯನ್ನೂ ಎರಡು ಪೆಟ್ಟಿಗೆಗಳನ್ನೂ ಬಂಧುಗಳ ಮನೆಯಲ್ಲಿ ಬಿಟ್ಟು, ಬೀದಿ ಬೀದಿ ತಿರುಗುವಾಗ ಏಳುವ ಪ್ರಶ್ನೆಗಳೇ ನಾನಿಲ್ಲಿ ವಿಚಾರಿಸಹೊರಟವು. ಯಾವುದೂ ನನ್ನದಲ್ಲವೆಂಬುದು ಪರಮಾರ್ಥವಾದರೆ ಒಬ್ಬನು ಇನ್ನೊಬ್ಬನಿಂದ ವಾಸಕ್ಕೆ ಬೆಲೆಯನ್ನು ಯಾವ ಅಧಿಕಾರದಿಂದ ತೆಗೆದುಕೊಳ್ಳುತ್ತಾನೆ? ತೆಗೆದುಕೊಳ್ಳಬಹುದಾದರೆ, ಎಲ್ಲಿಯವರೆಗೆ?

ಮಾತು ಗಾಳಿಯಲ್ಲಿ ತೇಲದಿರುವಂತೆ ಒಂದು ಊರನ್ನು ಹಿಡಿದುಕೊಳ್ಳುತ್ತೇನೆ. ತಿಪಟೂರು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯ ಮೇಲೆ, ಹೊನ್ನಾವರದ ಹೆದ್ದಾರಿಯ ಮೇಲೆ ಇದೆ, ತೆಂಗಿನ ಸೀಮೆ, ಅಲ್ಲಿಯ ಕೊಬ್ಬರಿ ಮಾರುಕಟ್ಟೆಯ ಹರಾಜಿನ ದರವನ್ನು ಉತ್ತರ ಹಿಂದೂಸ್ಥಾನದ ವರ್ತಕರೂ ಕಿವಿಗೊಟ್ಟು ಕೇಳುತ್ತಾರೆ. ಕೊಬ್ಬರಿಗೆ ಬೆಲೆ ಬಂದ ವರ್ಷ ಊರಿನಲ್ಲಿ ಮಹಡಿಗಳು ಏಳುತ್ತವೆ. ಕೆಳಗೆ ಯಜಮಾನರು, ಮೇಲೆ ಎರಡು ಮನೆ, ಅದರ ಮೇಲೆ ಸಿಂಟೆಕ್ಸ್ ತೊಟ್ಟಿ, ತೊಟ್ಟಿಯ ಪಕ್ಕದಲ್ಲಿ ಮುಂದಿನ ಮಹಡಿಯ ಆಸೆಯಿಂದ ಆಕಾಶಕ್ಕೆ ಚಾಚಿದ ತುಕ್ಕುಹಿಡಿದ ಕಬ್ಬಿಣದ ಸಲಾಕೆಗಳು: ಇದು ಹೊಸ ಬಡಾವಣೆಗಳ ಸಾಮಾನ್ಯ ರೂಪ. ಇತ್ತೀಚೆಗೆ ಅಪಾರ್ಟ್‌ಮೆಂಟೆಂಬ ಹೆಸರು ಹೊತ್ತ ಕಟ್ಟಡಗಳೂ ಅಲ್ಲೊಂದು ಇಲ್ಲೊಂದು ತಲೆಯೆತ್ತಿವೆ. ಲಿಫ್ಟು ಮಾತ್ರ ಕೆಟ್ಟಿರುತ್ತದೆ. ಶಾಲಾ ಉಪಾಧ್ಯಾಯರು, ಬ್ಯಾಂಕಿನವರು, ಆಸ್ಪತ್ರೆಯ ದಾದಿಯರು, ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಉಪವಿಭಾಗದ ಕಚೇರಿಗಳ ಗುಮಾಸ್ತರು ಇವುಗಳನ್ನು ಹುಡುಕಿಕೊಂಡು ಬರುತ್ತಾರೆ.

ಸಣ್ಣ ಊರಿನಲ್ಲಿ ಬಾಡಿಗೆ ಅಗ್ಗ ಎಂಬುದು ದೊಡ್ಡ ಊರಿನವರ ನಂಬಿಕೆ. ಸರಕಾರದ ನಂಬಿಕೆಯೂ ಹೌದು. ಕೇಂದ್ರ ಸರಕಾರವು ತನ್ನ ನೌಕರರ ಮನೆಬಾಡಿಗೆ ಭತ್ಯಕ್ಕಾಗಿ ಊರುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಜನಸಂಖ್ಯೆ ಐದು ಲಕ್ಷಕ್ಕೆ ಕಡಿಮೆಯಿರುವ ಎಲ್ಲ ಊರುಗಳೂ ಕಡೆಯ ದರ್ಜೆಗೆ ಸೇರತಕ್ಕವು. ಅಲ್ಲಿಯ ಭತ್ಯ 2017ರಲ್ಲಿ ಮೂಲವೇತನದ ಶೇಕಡ 8 ಆಗಿದ್ದುದು ತುಟ್ಟಿಭತ್ಯವು 50ನ್ನು ಮುಟ್ಟಿದ ಮೇಲೆ, 2024ರ ಜನವರಿಯಿಂದ, ಶೇಕಡ 10 ಆಯಿತು. ಮಹಾನಗರಗಳಿಗೆ ಅದೇ ಹೊತ್ತಿನಲ್ಲಿ 30. ಅಂಚೆ ಕಚೇರಿಗೆ ಹೊಸದಾಗಿ ಬಂದ ಸಹಾಯಕನ ಮೂಲವೇತನ 25,500 ರೂಪಾಯಿ. ತಿಪಟೂರಿನಲ್ಲಿ ಅವನಿಗೆ ದೊರೆಯುವ ಭತ್ಯ 2,550. ನಾನು ಬಲ್ಲ ಒಂದು ಮಹಡಿಮನೆಗೆ ಯಜಮಾನರು ಹೇಳಿದ ಬಾಡಿಗೆ 8,000, ಮುಂಗಡ 50,000. ನೀರಿಗೆ, ಮೆಟ್ಟಿಲ ದೀಪಕ್ಕೆ ಬೇರೆ. ಹಾಗಾದರೆ ಉಳಿದ 5,450 ರೂಪಾಯಿ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ವೇತನ ಆಯೋಗದವರು ಉತ್ತರ ಹೇಳಿಲ್ಲ, ವೇದಾಂತಿಗಳೂ ಹೇಳಿಲ್ಲ. ದೊಡ್ಡ ನಗರದಲ್ಲಿ ಮನೆಗಳೂ ಬಹಳ, ಹುಡುಕುವವರೂ ಬಹಳ; ಸಣ್ಣ ಊರಿನಲ್ಲಿ ಬಾಡಿಗೆಗೆಂದೇ ಕಟ್ಟಿದ ಮನೆಗಳು ಕೆಲವೇ, ಅವು ಪರಸ್ಪರ ಬಲ್ಲ ಕೆಲವೇ ಜನರ ಕೈಯಲ್ಲಿ. ಒಬ್ಬರು ಐನೂರು ಏರಿಸಿದರೆ ಆ ಸುದ್ದಿ ಸಂಜೆಯೊಳಗಾಗಿ ಬೀದಿಯ ಕೊನೆಯನ್ನು ಮುಟ್ಟಿರುತ್ತದೆ.

ಹಣದ ಲೆಕ್ಕ ಇಷ್ಟಕ್ಕೆ ಸಾಕು. ಸಣ್ಣ ಊರಿನ ಬಾಡಿಗೆಯಲ್ಲಿ ಹಣವು ಒಂದು ಅಂಶ ಮಾತ್ರ. ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ನೋಡಿ ಒಳಗೆ ಹೋದವನನ್ನು ಯಜಮಾನತಿಯು ಕುರ್ಚಿ ಕೊಟ್ಟು ಕೂರಿಸಿ, ನೀರು ಬೇಕೆ ಎಂದು ವಿಚಾರಿಸಿ (ನಮ್ಮ ಜನ ಮರ್ಯಾದೆಗೆ ಕಡಿಮೆಯಿಲ್ಲ), ಆಮೇಲೆ ಪರೀಕ್ಷೆಗೆ ತೊಡಗುತ್ತಾರೆ. ‘ಯಾವ ಕಡೆಯೋರು ಸಾರ್?’ ಎಂಬುದು ಮೊದಲನೆಯ ಪ್ರಶ್ನೆ. ಊರಿನ ಹೆಸರು ಹೇಳಿದರೆ ಅದು ಉತ್ತರವಾಗುವುದಿಲ್ಲ. ‘ಹಂಗಲ್ಲ, ನೀವು ಯಾವ ಜನ ಅಂತ. ತಪ್ಪು ತಿಳ್ಕೋಬೇಡಿ, ನಮ್ಮತ್ತೆ ಇದಾರೆ, ಹಳೇ ಕಾಲದೋರು, ಅದಕ್ಕೇ ಕೇಳಿದ್ದು.’ ಆ ಅತ್ತೆಯವರು ಕೆಲವು ಮನೆಗಳಲ್ಲಿ ನಿಜವಾಗಿಯೂ ಇರುತ್ತಾರೆ, ಕೆಲವು ಮನೆಗಳಲ್ಲಿ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಪಟವಾಗಿರುತ್ತಾರೆ. ಪ್ರಶ್ನೆ ಮಾತ್ರ ಎರಡು ಕಡೆಯೂ ಅವರದೇ. ಬಳಿಕ, ಮನೆಯಲ್ಲಿ ಎಷ್ಟು ಜನ, ನಾನ್‌ವೆಜ್ ಮಾಡುತ್ತೀರಾ, ಬಂದುಹೋಗುವವರು ಹೆಚ್ಚೋ, ಯಜಮಾನರಿಗೆ ಅಭ್ಯಾಸಗಳೇನಾದರೂ ಉಂಟೋ. ಮದುವೆಯಾಗದವನಾದರೆ ಇಷ್ಟೂ ಇಲ್ಲ: ‘ಬ್ಯಾಚುಲರ್ಸ್‌ಗೆ ಕೊಡಲ್ಲ’ ಎಂದು ಕದ ಅರ್ಧ ತೆರೆದಿರುವಾಗಲೇ ಹೇಳಿ ಕಳಿಸುತ್ತಾರೆ. ಬ್ರಹ್ಮಚರ್ಯವನ್ನು ಮೊದಲನೆಯ ಆಶ್ರಮವೆಂದು ಪೂಜಿಸಿದ ನಾಡಿನಲ್ಲಿ ಬ್ರಹ್ಮಚಾರಿಗೆ ಆಶ್ರಯವಿಲ್ಲದಿರುವುದು ವಿಚಿತ್ರವಾದರೂ ವಾಸ್ತವ.

ಮನೆ ಸಿಕ್ಕಿತೆನ್ನೋಣ. ಆಗ ಎರಡನೆಯ ಬಾಡಿಗೆ ಪ್ರಾರಂಭವಾಗುತ್ತದೆ. ಬೋರ್‌ವೆಲ್ಲಿನ ಮೋಟರು ಹಾಕುವ ಗುಂಡಿ ಕೆಳಗಿನ ಮನೆಯ ಒಳಗಡೆ ಇರುತ್ತದೆ. ಮೇಲಿನವರ ತೊಟ್ಟಿ ತುಂಬಬೇಕಾದರೆ ಕೆಳಗಿನವರ ಚಿತ್ತ ಪ್ರಸನ್ನವಾಗಿರಬೇಕು. ಗೇಟಿಗೆ ಹತ್ತು ಗಂಟೆಗೆ ಬೀಗ. ಗೋಡೆಗೆ ಮೊಳೆ ಹೊಡೆಯಕೂಡದು. ಆದುದರಿಂದ ದೇವರ ಪಟಗಳು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿಸಿಕೊಂಡು ನಿಲ್ಲುತ್ತವೆ. ಊರಿನಿಂದ ತಂದೆತಾಯಿಗಳು ಬಂದು ಎಂಟು ದಿನ ನಿಂತರೆ ಒಂಬತ್ತನೆಯ ದಿನ ಮೆಟ್ಟಿಲ ಮೇಲೆ ಸಿಕ್ಕ ಯಜಮಾನರು ‘ಇನ್ನೂ ಇದಾರಾ ಅಪ್ಪಾಜಿ?’ ಎಂದು ಬಹು ವಿನಯದಿಂದ ವಿಚಾರಿಸುತ್ತಾರೆ. ಇವುಗಳಲ್ಲಿ ಒಂದೊಂದೂ ಅಲ್ಪವಾದುದು, ಒಂದನ್ನೂ ಯಾರಿಗೂ ದೂರುವಂತಿಲ್ಲ. ಎಲ್ಲವೂ ಕೂಡಿದಾಗ ಮನುಷ್ಯನು ತಾನಿರುವ ಮನೆಯಲ್ಲಿ ಮೆಲ್ಲಗೆ ನಡೆಯುವುದನ್ನು ಕಲಿಯುತ್ತಾನೆ. ಅತಿಥಿಯು ಹಣ ಕೊಡದೆ ಸತ್ಕಾರ ಹೊಂದುತ್ತಾನೆ, ಏಕೆಂದರೆ ಅವನು ಬೇಗನೆ ಹೋಗುವವನು. ಈತನು ಹಣವನ್ನೂ ಕೊಟ್ಟು, ಹೋಗದೆ ಉಳಿದ ಅತಿಥಿಯ ಸಂಕೋಚವನ್ನೂ ಅನುಭವಿಸುತ್ತಾನೆ.

ಹಾಗೆಂದು ಮನೆ ಕೊಡುವವರನ್ನೆಲ್ಲ ಶೋಷಕರೆಂದು ಬರೆದು ಕೈತೊಳೆದುಕೊಳ್ಳುವುದು ನನ್ನಿಂದಾಗದು. ಮಹಡಿ ಕಟ್ಟಿಸಿದವರಲ್ಲಿ ನಿವೃತ್ತ ಮೇಷ್ಟರುಗಳಿದ್ದಾರೆ. ಮೂವತ್ತು ವರ್ಷದ ಭವಿಷ್ಯನಿಧಿಯನ್ನು ಇಟ್ಟಿಗೆ ಸಿಮೆಂಟಿಗೆ ಸುರಿದು, ಮೇಲಿನ ಮನೆಯ ಬಾಡಿಗೆಯಿಂದಲೇ ಔಷಧಿ ಕೊಳ್ಳುವ ವಿಧವೆಯರಿದ್ದಾರೆ. ಮಗನು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವುದಕ್ಕೆ ಇಲ್ಲಿಯ ಬಾಡಿಗೆಯನ್ನು ಕಳಿಸುವ ತಂದೆಯಿದ್ದಾನೆ. ಬಾಡಿಗೆ ಕೊಡದೆ ರಾತ್ರೋರಾತ್ರಿ ಗಾಡಿ ತುಂಬಿಕೊಂಡು ಹೋದವರ ಕಥೆ ಪ್ರತಿಯೊಂದು ಬೀದಿಯಲ್ಲಿಯೂ ಒಂದಿದೆ. ಆದಕಾರಣ ವಾಸಕ್ಕೆ ಬೆಲೆ ತೆಗೆದುಕೊಳ್ಳುವುದೇ ಅಧರ್ಮವೆಂಬ ಪಕ್ಷವನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಶಾಸ್ತ್ರದಲ್ಲಿಯೇ ಒಂದು ಕಾರಣ ದೊರೆತಿದೆ. ಅದು ದೊರೆತದ್ದು ಅದಕ್ಕೆ ವಿರುದ್ಧವಾಗಿ ತೋರುವ ಒಂದು ಉಪದೇಶದಲ್ಲಿ.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸಿ ಹೇಳುತ್ತಾನೆ. ಅವರಲ್ಲಿ ಸರ್ಪವೂ ಒಬ್ಬ ಗುರು. ಮನೆ ಕಟ್ಟುವ ಉದ್ಯಮವು ದುಃಖಕ್ಕೆ ಮೂಲ, ಅಶಾಶ್ವತನಾದ ಮನುಷ್ಯನಿಗೆ ನಿಷ್ಫಲ; ಸರ್ಪವನ್ನು ನೋಡು, ಅದು ಪರರು ಕಟ್ಟಿದ ಮನೆಯನ್ನು ಹೊಕ್ಕು ಸುಖವಾಗಿರುತ್ತದೆ, ಎಂಬುದು ಅಲ್ಲಿಯ ತಾತ್ಪರ್ಯ. ಗೃಹಸಾಲದ ಕಂತು ಕಟ್ಟುತ್ತಿರುವವನಿಗೆ ಈ ಮಾತು ಹೃದಯಂಗಮವಾಗಿ ಕೇಳಿಸೀತು. ಆದರೆ ಹುತ್ತವನ್ನು ಕಟ್ಟಿದ ಗೆದ್ದಲನ್ನು ಅವಧೂತನು ಮಾತನಾಡಿಸಲಿಲ್ಲ. ಅವನ ಇಪ್ಪತ್ತನಾಲ್ಕು ಗುರುಗಳಲ್ಲಿ ಜೇನುನೊಣವಿದೆ, ಜೇಡವಿದೆ, ಗೆದ್ದಲಿಲ್ಲ. ನಮ್ಮ ಹಳ್ಳಿಯ ಜನ ಈ ವಿಷಯದಲ್ಲಿ ಅವಧೂತನಿಗಿಂತ ನ್ಯಾಯನಿಷ್ಠುರರು: ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತೆಂಬುದನ್ನು ಅವರು ಗಾದೆಯಾಗಿ ಹೇಳುವುದು ಸರ್ಪವನ್ನು ಹೊಗಳುವುದಕ್ಕಲ್ಲ. ಸರ್ಪದ ವಾಸದಲ್ಲಿ ನಿರ್ಮಮತೆ ಇದೆ, ಋಣಸ್ಮರಣೆ ಇಲ್ಲ. ಒಬ್ಬನು ಹೊತ್ತ ಕಲ್ಲು, ಸುರಿಸಿದ ಬೆವರು, ಮಾಡಿದ ಸಾಲ ಇವುಗಳ ನೆರಳಿನಲ್ಲಿ ಇನ್ನೊಬ್ಬನು ಮಲಗುವಾಗ, ಆ ಋಣವನ್ನು ಮಾಸಮಾಸಕ್ಕೆ ತೀರಿಸುವ ಕ್ರಮವೇ ಬಾಡಿಗೆ. ಗೆದ್ದಲಿಗೆ ಸಲ್ಲಬೇಕಾದ ಭಾಗ ಅದು. ಅದನ್ನು ಕೊಡುವವನು ಸರ್ಪಕ್ಕಿಂತ ಒಂದು ಮೆಟ್ಟಿಲು ಮೇಲಿದ್ದಾನೆ. ತೆಗೆದುಕೊಳ್ಳುವವನಿಗೂ ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಈ ಭಾಗವು ಎಷ್ಟು, ಎಷ್ಟು ದಿನದ್ದು ಎಂಬುದನ್ನು ನಮ್ಮ ಪೂರ್ವಿಕರು ಚರ್ಚಿಸದೆ ಬಿಟ್ಟಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅದರ ಮೂರನೆಯ ಅಧಿಕರಣದಲ್ಲಿ ಗೃಹವಿವಾದಗಳ ನಡುವೆ ಬಾಡಿಗೆಯ ಪ್ರಸ್ತಾಪ ಬರುತ್ತದೆ. ಬಿಟ್ಟುಹೋಗೆಂದ ಮೇಲೂ ಕೂತಿರುವ ಒಕ್ಕಲಿಗೂ, ಬಾಡಿಗೆ ಕೊಟ್ಟವನನ್ನು ಹೊರಹಾಕಿದ ಯಜಮಾನನಿಗೂ ಒಂದೇ ದಂಡ, ಹನ್ನೆರಡು ಪಣ. ಬೈಗುಳ, ಕಳ್ಳತನ, ಬಲಾತ್ಕಾರ, ವ್ಯಭಿಚಾರ, ಸುಳ್ಳು ಹೇಳಿ ಭೋಗಿಸುವುದು, ಇವು ಇದ್ದಲ್ಲಿ ಹೊರಹಾಕಬಹುದು. ತಾನಾಗಿಯೇ ಹೊರಟವನು ವರ್ಷದ ಉಳಿದ ಬಾಡಿಗೆಯನ್ನು ಕೊಟ್ಟು ಹೋಗತಕ್ಕದ್ದು. ಕೌಟಿಲ್ಯನಿಗೆ ದಯೆಯ ಮನುಷ್ಯನೆಂಬ ಕೀರ್ತಿಯಿಲ್ಲ. ಆದರೂ ಹೊರಹಾಕುವುದಕ್ಕೆ ಅವನು ಒಪ್ಪಿದ ಕಾರಣಗಳೆಲ್ಲವೂ ಒಕ್ಕಲು ಮಾಡಿದ ಕೃತ್ಯಗಳು, ಅವನು ಹುಟ್ಟಿದ ಕುಲವಲ್ಲ, ಅವನ ಮನೆಗೆ ಬಂದ ನೆಂಟರಲ್ಲ ಎಂಬುದನ್ನು ಗಮನಿಸತಕ್ಕದ್ದು. ನಮ್ಮ ಕಾಲದ ಕರಾರುಪತ್ರ ಇದಕ್ಕಿಂತ ಚತುರವಾದುದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಬಾಡಿಗೆಯ ಪತ್ರವನ್ನು ನೋಂದಾಯಿಸಬೇಕಾದುದರಿಂದ, ನಾಡಿನ ಉದ್ದಗಲಕ್ಕೂ ಮನೆಗಳು ಹನ್ನೊಂದು ತಿಂಗಳಿಗೆ ಮಾತ್ರ ಕೊಡಲ್ಪಡುತ್ತವೆ. ಹನ್ನೊಂದು ತಿಂಗಳ ಕೊನೆಯಲ್ಲಿ ಎಲ್ಲವೂ ಹೊಸದಾಗಿ ಹುಟ್ಟುತ್ತದೆ; ಬಾಡಿಗೆಯು ಮಾತ್ರ ಪೂರ್ವಜನ್ಮದ ಸ್ಮರಣೆಯಿಟ್ಟುಕೊಂಡು ಸ್ವಲ್ಪ ಬೆಳೆದು ಹುಟ್ಟುತ್ತದೆ.

ಸಣ್ಣ ಊರುಗಳಲ್ಲಿ ಭೋಗ್ಯವೆಂಬ ಇನ್ನೊಂದು ಪದ್ಧತಿ ಉಂಟು. ಮೂರು ವರ್ಷಕ್ಕೆಂದು ಕೆಲವು ಲಕ್ಷಗಳನ್ನು ಒಮ್ಮೆಗೇ ಕೊಟ್ಟುಬಿಟ್ಟರೆ ತಿಂಗಳ ಬಾಡಿಗೆ ಇಲ್ಲ. ಬಿಡುವಾಗ ಕೊಟ್ಟಷ್ಟೂ ವಾಪಸು. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಭೋಗಿಸತಕ್ಕ ಆಧಿ, ಕಾಪಾಡತಕ್ಕ ಆಧಿ ಎಂದು ಒತ್ತೆಯ ಭೇದಗಳನ್ನು ಯಾಜ್ಞವಲ್ಕ್ಯ ಸ್ಮೃತಿಯು ಹೇಳಿದೆ. ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಇದ್ದುದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಇಬ್ಬರೂ ಒಬ್ಬರ ವಸ್ತುವನ್ನು ಇನ್ನೊಬ್ಬರು ಹಿಡಿದುಕೊಂಡಿರುವುದರಿಂದ ಭೋಗ್ಯದ ಮನೆಯಲ್ಲಿ ಮೆಟ್ಟಿಲ ಮೇಲಿನ ವಿಚಾರಣೆ ಕಡಿಮೆ. ಲಕ್ಷಗಳನ್ನು ಒಟ್ಟಿಗೆ ತರಬಲ್ಲವನಿಗೆ ಮಾತ್ರ ಈ ಸಮಾನತೆ ಲಭ್ಯವೆಂಬುದು ಬೇರೆ ಮಾತು.

ಇನ್ನು ಯಾವ ಅಧಿಕಾರದಿಂದ ಎಂಬ ಮೊದಲನೆಯ ಪ್ರಶ್ನೆಗೆ ಬರೋಣ. ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ, ಅನುಗೀತೆಯೆಂದು ಹೆಸರಾದ ಭಾಗದಲ್ಲಿ, ಒಂದು ಕಥೆಯಿದೆ. ಅಪರಾಧ ಮಾಡಿದ ಬ್ರಾಹ್ಮಣನೊಬ್ಬನಿಗೆ ಜನಕರಾಜನು ನನ್ನ ದೇಶದಲ್ಲಿ ಇರಬೇಡ, ಹೊರಟುಹೋಗು ಎಂದು ಆಜ್ಞೆ ಮಾಡುತ್ತಾನೆ. ಬ್ರಾಹ್ಮಣನು ಆಜ್ಞೆಯನ್ನು ಮೀರುವುದಿಲ್ಲ; ನಿನ್ನ ದೇಶ ಎಲ್ಲಿಯವರೆಗೆ ಇದೆಯೆಂದು ಹೇಳು, ಅದರ ಗಡಿಯನ್ನು ದಾಟಿ ಇನ್ನೊಬ್ಬ ರಾಜನ ನೆಲದಲ್ಲಿ ಇರುತ್ತೇನೆ ಎನ್ನುತ್ತಾನೆ. ಜನಕನಿಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ನಿಟ್ಟುಸಿರು ಬಿಡುತ್ತ ಬಹಳ ಹೊತ್ತು ಕುಳಿತು, ತಂದೆತಾತಂದಿರಿಂದ ಬಂದ ರಾಜ್ಯದಲ್ಲಿ ಹುಡುಕಿದೆ, ಮಿಥಿಲೆಯಲ್ಲಿ ಹುಡುಕಿದೆ, ನನ್ನ ಸಂತಾನದಲ್ಲಿ ಹುಡುಕಿದೆ, ನನ್ನದೆನ್ನತಕ್ಕ ಎಡೆ ಎಲ್ಲಿಯೂ ಸಿಗಲಿಲ್ಲ. ಯಾವುದೂ ನನ್ನದಲ್ಲ, ಇಲ್ಲವೆ ಎಲ್ಲವೂ ನನ್ನದು. ನನ್ನದಾದಂತೆಯೇ ಇತರರದು ಕೂಡ. ನೀನು ಇಷ್ಟವಿರುವಲ್ಲಿ ಇರು ಎಂದುಬಿಡುತ್ತಾನೆ. ಬಂದವನು ಧರ್ಮದೇವತೆಯೆಂದು ಆಮೇಲೆ ತಿಳಿಯುತ್ತದೆ.

ಕಥೆಯ ಸತ್ತ್ವ ನನಗೆ ಕಾಣುವುದು ಮಾತನ್ನು ಯಾರು ಆಡಿದರೆಂಬುದರಲ್ಲಿ. ‘ನನ್ನದಲ್ಲ’ ಎಂಬುದು ಇಲ್ಲಿ ಜನಕನ ಬಾಯಿಂದ ಹೊರಟಿದೆ. ಹೊರಡಿಸುವ ಅಧಿಕಾರವುಳ್ಳವನು ತನ್ನ ಅಧಿಕಾರದ ಬುಡವನ್ನು ಕೆದಕಿ ನೋಡಿಕೊಂಡು ಆಡಿದ ಮಾತು ಅದು. ಬ್ರಾಹ್ಮಣನಿಗೆ ಅವನು, ಯಾವುದೂ ನಿನ್ನದಲ್ಲ, ಆದುದರಿಂದ ಸಂತೋಷವಾಗಿ ಹೊರಡು ಎಂದು ವೇದಾಂತ ಹೇಳಲಿಲ್ಲ. ನಮ್ಮ ಬೀದಿಗಳಲ್ಲಿ ನಡೆಯುವುದು ವಿಪರೀತ. ಅನಿತ್ಯತೆಯ ಉಪದೇಶವು ಮಹಡಿಯ ಮೇಲಿನವನಿಗೆ ಮೀಸಲಾಗಿದೆ, ಮಹಡಿಯ ಒಡೆತನ ಕೆಳಗಿನವನಿಗೆ. ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರವನ್ನು ಗೃಹಪ್ರವೇಶದ ದಿನ ಕೇಳುವುದುಂಟು. ಜಗತ್ತೆಲ್ಲವೂ ಈಶನಿಂದ ವ್ಯಾಪ್ತವೆಂದೂ, ಪರರ ಧನವನ್ನು ಬಯಸಕೂಡದೆಂದೂ ಹೇಳುವ ಆ ಮಂತ್ರ, ಬಾಗಿಲಿಗೆ ಹಾಕಿದ ತೋರಣ ಬಾಡುವುದರೊಳಗಾಗಿ, ಪಕ್ಕದ ಮನೆಯವರಿಗಿಂತ ಐನೂರು ಹೆಚ್ಚು ಕೇಳುವುದಕ್ಕೆ ಅಡ್ಡಬಂದಿಲ್ಲ. ಉಪನಿಷತ್ತು ಬಾಡಿಗೆಯನ್ನು ನಿಷೇಧಿಸಿತೆಂದು ನಾನು ಹೇಳುತ್ತಿಲ್ಲ. ಅದನ್ನು ನಿಜವಾಗಿ ನಂಬಿದವನು ತಾನು ಈ ಕಟ್ಟಡಕ್ಕೆ ಪಾರುಪತ್ಯಗಾರನೆಂದು ಭಾವಿಸಿ, ಗೆದ್ದಲಿನ ಭಾಗವನ್ನು ತೆಗೆದುಕೊಂಡು ಅಲ್ಲಿಗೆ ನಿಲ್ಲಬೇಕಾಗಿತ್ತು. ಮೋಟರಿನ ಗುಂಡಿಯಿಂದ, ಗೇಟಿನ ಬೀಗದಿಂದ, ಅತ್ತೆಯವರ ಪಟದಿಂದ ಇನ್ನೊಂದು ಕಂದಾಯ ಎತ್ತುವುದಕ್ಕೆ ಅವನಿಗೆ ಸನ್ನದು ಕೊಟ್ಟವರಾರು?

ಕುಲವನ್ನು ಕೇಳುವ ಪ್ರಶ್ನೆಯಂತೂ ಬೇರೆಯೇ ಗುಂಪಿಗೆ ಸೇರಿದ್ದು. ಇವನಾರವನೆಂದು ಎನಿಸದೆ ಇವ ನಮ್ಮವನೆಂದೇ ಎನಿಸೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನ ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯಾಗಿದೆ. ಮಕ್ಕಳು ಬೆಳಗ್ಗೆ ಅದನ್ನು ರಾಗವಾಗಿ ಹೇಳಿ, ಸಂಜೆ ಮನೆಗೆ ಬಂದು, ಕುರ್ಚಿಯ ಮೇಲೆ ಕುಳಿತ ಅಪರಿಚಿತನನ್ನು ಅಮ್ಮ ವಿಚಾರಿಸುವುದನ್ನು ಕೇಳುತ್ತಾರೆ. ಎಲ್ಲ ಜಾತಿಯ ಯಜಮಾನರೂ ಈ ಪ್ರಶ್ನೆಯನ್ನು ಕೇಳುತ್ತಾರೆ. ಉತ್ತರದಿಂದ ಮನೆ ಕಳೆದುಕೊಳ್ಳುವವರು ಮಾತ್ರ ಬಹುಮಟ್ಟಿಗೆ ಒಂದೇ ಕಡೆಯವರು. ದಲಿತನಾದ ಉಪಾಧ್ಯಾಯನು, ಮುಸಲ್ಮಾನಳಾದ ದಾದಿಯು ಊರಿನ ಒಳ್ಳೆಯ ಬಡಾವಣೆಯಲ್ಲಿ ಮನೆ ಹುಡುಕಿದರೆ, ಹಲಗೆ ಇನ್ನೂ ನೇತಾಡುತ್ತಿರುವಾಗಲೇ ‘ನಿನ್ನೆ ತಾನೆ ಅಡ್ವಾನ್ಸ್ ಕೊಟ್ಟುಹೋದರು’ ಎಂಬ ಉತ್ತರ ಬರುತ್ತದೆ. ಸುಳ್ಳನ್ನು ಇಷ್ಟು ಮೃದುವಾಗಿ ಹೇಳುವ ಕಲೆ ದೊಡ್ಡ ನಗರದಲ್ಲಿ ಬೆಳೆದಿಲ್ಲ. ಅಲ್ಲಿ ಮುಖಕ್ಕೆ ಹೇಳುತ್ತಾರೆ. ಕೊನೆಗೆ ಅವರು ಊರಾಚೆ ದೂರದ ಬೀದಿಯಲ್ಲಿ ಸಾಧಾರಣವಾದ ಮನೆಗೆ ಒಳ್ಳೆಯ ಮನೆಯ ಬಾಡಿಗೆ ಕೊಟ್ಟು ಇರುತ್ತಾರೆ. ಸಣ್ಣ ಊರಿನ ಬಾಡಿಗೆ ಎಷ್ಟೆಂದು ಕೇಳುವವರು, ಕೊಡುವವನು ಯಾರೆಂಬುದನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಇಷ್ಟನ್ನೂ ಸಹಿಸುವುದರಿಂದ ಮನುಷ್ಯನಿಗೆ ವೈರಾಗ್ಯ ಬರುತ್ತದೆಯೆ? ಬರುತ್ತದೆಂದು ಹರಿಕಥೆಯ ಉಪಮೆಯ ಹಿಂದಿನ ಊಹೆ. ಗೀತೆಯ ಹನ್ನೆರಡನೆಯ ಅಧ್ಯಾಯವು ಭಕ್ತನ ಲಕ್ಷಣಗಳಲ್ಲಿ ಅನಿಕೇತನಾಗಿರುವುದನ್ನೂ, ಅದರ ಬೆನ್ನಿಗೇ ಸ್ಥಿರಮತಿಯಾಗಿರುವುದನ್ನೂ ಹೇಳಿದೆ. ಅನಿಕೇತತ್ವದಿಂದ ಸ್ಥಿರಮತಿ ತಾನಾಗಿ ಹುಟ್ಟುವುದಾದರೆ ನಮ್ಮ ವರ್ಗಾವಣೆಯ ಗುಮಾಸ್ತರೆಲ್ಲರೂ ಈ ವೇಳೆಗೆ ಸ್ಥಿತಪ್ರಜ್ಞರಾಗಿರಬೇಕಾಗಿತ್ತು. ಸಂನ್ಯಾಸಿಯು ಮನೆಯನ್ನು ತಾನೇ ಬಿಟ್ಟವನು. ಅವನಿಗೂ ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬ ಚಾತುರ್ಮಾಸ್ಯದ ನಿಯಮವುಂಟು, ಆಗ ಊರಿಗೆ ಊರೇ ಎದುರುಗೊಂಡು ಮುಂಗಡ ಕೇಳದೆ ಅವನಿಗೆ ಇರನೆಲೆ ಕೊಡುತ್ತದೆ. ಒಕ್ಕಲಿನವನ ಅನಿಕೇತತ್ವ ಹೊರಗಿನಿಂದ ಬಂದದ್ದು. ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸಿದವನಲ್ಲಿ ನಾನು ಕಂಡಿರುವುದು ಲೆಕ್ಕಾಚಾರ: ಯಾವ ರಟ್ಟಿನ ಪೆಟ್ಟಿಗೆಯನ್ನು ಎಸೆಯಕೂಡದು, ಯಾವ ಪಾತ್ರೆಯನ್ನು ಬಿಚ್ಚುವುದೇ ಬೇಡ, ಮಗುವನ್ನು ಯಾವ ಶಾಲೆಗೆ ಸೇರಿಸಿದರೆ ಮುಂದಿನ ಮನೆಗೂ ಸಮೀಪವಾದೀತು. ಅವನು ಯಾವುದನ್ನೂ ಬಿಟ್ಟಿಲ್ಲ. ಎಲ್ಲವನ್ನೂ ಕಟ್ಟಿ ಅಟ್ಟದ ಮೇಲೆ ಇಟ್ಟುಕೊಂಡಿದ್ದಾನೆ.

ಅಟ್ಟವೆಂದಾಗ ತಿಪಟೂರಿನವರಿಗೆ ನೆನಪಾಗುವುದು ಕೊಬ್ಬರಿ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬೇರೆಯಾಗಿ, ಅಲುಗಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಆಗ ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಹೊರಬರುತ್ತದೆ. ದೇಹದಲ್ಲಿದ್ದೂ ದೇಹಕ್ಕಂಟದ ಜ್ಞಾನಿಗೆ ರಾಮಕೃಷ್ಣ ಪರಮಹಂಸರು ಕೊಡುತ್ತಿದ್ದ ಹೋಲಿಕೆಯೂ ಒಣಗಿದ ತೆಂಗಿನಕಾಯಿಯದೇ. ಆದರೆ ಅದು ಒಣಗುವುದಕ್ಕೆ ಅಟ್ಟ ಬೇಕು, ಅಲ್ಲಿ ಅದನ್ನು ಕದಲಿಸದೆ ಬಿಡುವ ರೈತ ಬೇಕು. ಹಸಿಯಾಗಿರುವಾಗಲೇ ಒಡೆದವನಿಗೆ ತಿರುಳು ಚೂರುಚೂರಾಗಿ ಬರುತ್ತದೆ. ಮಮತೆಯಿಂದ ಕಳಚಿಕೊಳ್ಳುವುದಕ್ಕೂ ಒಂದೆಡೆ ನೆಮ್ಮದಿಯಿಂದ ಇದ್ದಿರಬೇಕೆಂದು ತೋರುತ್ತದೆ. ಈ ಊರಿನ ಯಜಮಾನರು ತೆಂಗಿನಕಾಯಿಗೆ ಹನ್ನೊಂದು ತಿಂಗಳ ನಿರಾತಂಕ ವಾಸವನ್ನು ಕರಾರಿಲ್ಲದೆ ಕೊಡುವ ಔದಾರ್ಯವುಳ್ಳವರು.

ವಾಸದ ಧಾರ್ಮಿಕತೆಯು ಒಡೆತನಕ್ಕಾಗಿ ಕಾಯುವುದಿಲ್ಲವೆಂಬುದಕ್ಕೆ ನಮ್ಮ ಹೆಂಗಸರು ಶಾಸ್ತ್ರಿಗಳ ಅಪ್ಪಣೆಯಿಲ್ಲದೆಯೇ ಒಂದು ಪ್ರಮಾಣ ಕೊಟ್ಟಿದ್ದಾರೆ. ಬಾಡಿಗೆಯ ಮನೆಗೆ ಹೋಗುವಾಗಲೂ ಒಳ್ಳೆಯ ದಿನ ನೋಡಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಒಲೆಯ ಮೇಲೆ ಹಾಲು ಉಕ್ಕಿಸುತ್ತಾರೆ. ಆ ಹಾಲು ಕ್ರಯಪತ್ರವನ್ನು ಕೇಳುವುದಿಲ್ಲ. ಹನ್ನೊಂದು ತಿಂಗಳಿಗೆ ಬಂದವರು ಹಾಲು ಉಕ್ಕಿಸಬೇಕೆ, ಗ್ಯಾಸ್ ಒಲೆ ಹೊಲಸಾಗುವುದಿಲ್ಲವೆ ಎಂದು ಒಬ್ಬ ಯಜಮಾನರು ಆಕ್ಷೇಪಿಸಿದ್ದನ್ನು ಕೇಳಿದ್ದೇನೆ. ಒಲೆ ಒಕ್ಕಲಿನವರದೇ ಆಗಿತ್ತು.

ಬಿಡುವ ದಿನದ ನ್ಯಾಯವೊಂದು ಉಳಿದಿದೆ. ಮುಂಗಡದಲ್ಲಿ ಒಂದು ತಿಂಗಳದ್ದನ್ನು ಬಣ್ಣಕ್ಕೆಂದು ಹಿಡಿಯುವುದು ವಾಡಿಕೆ. ಬಣ್ಣ ಹೊಡೆಸುತ್ತಾರೋ ಇಲ್ಲವೋ, ಅದು ಹೋದವರಿಗೆ ಕಾಣುವುದಿಲ್ಲ. ನಾರದ ಸ್ಮೃತಿಯಲ್ಲಿ ಇದಕ್ಕೆ ಹತ್ತಿರದ ಒಂದು ವಿಧಿಯಿದೆ: ಪರರ ನೆಲದಲ್ಲಿ ಬಾಡಿಗೆ ಕೊಟ್ಟು ಮನೆ ಕಟ್ಟಿಕೊಂಡು ವಾಸಿಸಿದವನು ಹೊರಡುವಾಗ ತಾನು ಹಾಕಿದ ಹುಲ್ಲು, ಮರ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದು, ಬಾಡಿಗೆ ಕೊಡದೆ, ನೆಲದವನ ಇಷ್ಟಕ್ಕೆ ವಿರೋಧವಾಗಿ ಇದ್ದವನು ಅವನ್ನು ಮುಟ್ಟಕೂಡದು. ಬಾಡಿಗೆಯು ಇಲ್ಲಿ ಗೌರವದ ಗುರುತಾಗಿದೆ. ಕೊಟ್ಟವನ ಕೈಯಿಂದ ಸೇರಿದ್ದು ಅವನದಾಗಿಯೇ ಉಳಿಯುತ್ತದೆ. ನಮ್ಮ ಕಾಲದ ಒಕ್ಕಲುಗಳು ಈ ವಿಧಿಯನ್ನು ತಿಳಿಯದೆಯೇ ಪಾಲಿಸುತ್ತ ಫ್ಯಾನು, ಗೀಸರು, ಟ್ಯೂಬ್‌ಲೈಟುಗಳನ್ನು ಕಳಚಿಕೊಂಡು ಹೋಗುತ್ತಾರೆ. ನಾರದನು ಗಿಡಗಳ ವಿಷಯವನ್ನು ಆ ವಿಧಿಯಲ್ಲಿ ಎತ್ತಿಲ್ಲ. ನನ್ನ ಪರಿಚಯದ ಮೇಷ್ಟರೊಬ್ಬರು ಬಾಡಿಗೆಮನೆಯ ಹಿತ್ತಿಲಲ್ಲಿ ಕರಿಬೇವಿನ ಸಸಿ ನೆಟ್ಟು, ಅದು ಆಳೆತ್ತರ ಬೆಳೆದ ಮೇಲೆ ಬೇರೆ ಊರಿಗೆ ವರ್ಗವಾಗಿ ಹೊರಟರು. ಅವರ ಹೆಂಡತಿಗೆ ಗಿಡವನ್ನು ಕೊಂಡೊಯ್ಯುವ ಆಸೆ. ಧರ್ಮಶಾಸ್ತ್ರದ ಈ ಸಂದೇಹವನ್ನು ನಾನೇ ಯಜಮಾನರ ಮುಂದೆ ಮಂಡಿಸಿದೆ. ಅವರು ಸ್ವಲ್ಪ ಯೋಚಿಸಿ, ‘ಗಿಡ ಅವರೇ ನೆಟ್ಟಿದ್ದು, ತಗೊಂಡ್ ಹೋಗ್ಲಿ ಸಾರ್, ನಂದೇನೂ ಇಲ್ಲ. ಆದ್ರೆ ಕಿತ್ತ ಮೇಲೆ ಗುಂಡಿ ಯಾರು ಮುಚ್ಚಿಸ್ತಾರೆ? ಆ ದುಡ್ಡು ಅಡ್ವಾನ್ಸಲ್ಲಿ ಹಿಡ್ಕೋಬೇಕಾಗುತ್ತೆ’ ಎಂದರು.